ಮೂವತ್ತೆಂಟು ಸೆಕೆಂಡು

“ಅಡಕೊತ್ತು ಎಷ್ಟನೇ ವರ್ಗದ ಸನ್ನೆ ಅಂತ ಬರದಿ?”

“ಎರಡನೇದು.”

“ನಾನೂ ಎರಡನೇದೇ. ಚಿಮಟಾ?”

“ಮೂರನೇದು.”

“ಬರಾಬರ್. ಇನ್ನ ಕಡೀ ಪ್ರಶ್ನೆ? ಆ ಕಲ್ಲಿಂದು?”

“ಮೂವತ್ತೆಂಟ ಸೆಕೆಂಡ್,” ಅಂದಳು ಮುಕ್ತಾ.

ಕೇಳಿದ ಹುಡುಗಿ ಬಸವಕಲ್ಯಾಣದವಳು. ಹೆಸರು ಶಕುಂತಲಾ, ಎರಡೂ ಜಡೆಗೆ ಕೆಂಪು ರಿಬ್ಬನ್ನು. ಅವಳು ಪ್ರಶ್ನೆಪತ್ರಿಕೆಯ ಮೇಲಿಂದ ಕಣ್ಣೆತ್ತಿ ಮುಕ್ತಾಳನ್ನು ನೋಡಿದಳು.

“ಮೂವತ್ತೆಂಟಾ? ನಮ್ಮ ರೂಮಿನ್ಯಾಗ ಎಲ್ಲಾರಿಗೂ ನಲವತ್ತು ಬಂದದ ನೋಡು.”

ಪರೀಕ್ಷೆ ಮುಗಿದು ಇನ್ನೂ ಹತ್ತು ನಿಮಿಷ ಆಗಿರಲಿಲ್ಲ. ಬಸವಕಲ್ಯಾಣದ ಸ್ಕೂಲಿನ ಅಂಗಳದ ಬೇವಿನ ಮರದ ಕೆಳಗೆ ಮಕ್ಕಳೆಲ್ಲ ಗುಂಪು ಗುಂಪಾಗಿ ನಿಂತು ಉತ್ತರ ತಾಳೆ ನೋಡುತ್ತಿದ್ದರು. ಇದೊಂದು ಕೆಟ್ಟ ಚಟ. ಬರೆದು ಕೊಟ್ಟ ಪೇಪರು ವಾಪಸ್ಸು ಬರುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಆದರೂ ತಾಳೆ ನೋಡದೆ ಮನೆಗೆ ಹೋದ ಮಗು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ.

ಅದು 1974ರ ಏಪ್ರಿಲ್. ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆ, ಭೌತವಿಜ್ಞಾನದ ಪೇಪರು. ಜಿಲ್ಲೆಗೆಲ್ಲ ಒಂದೇ ಪ್ರಶ್ನೆಪತ್ರಿಕೆ. ಆ ವರ್ಷ ಅದಕ್ಕೊಂದು ಹೊಸ ಬಾಲ ಅಂಟಿಸಿದ್ದರು. ಕೊನೆಯ ಹತ್ತು ಮಾರ್ಕಿನ ಪ್ರಶ್ನೆಯನ್ನು ಮಾಡಿ ನೋಡಿ ಬರೆಯಬೇಕಿತ್ತು. ಒಂದು ಮೀಟರ್ ದಾರಕ್ಕೆ ಕಲ್ಲು ಕಟ್ಟಿ ತೂಗುಬಿಡಿ. ಅದು ಇಪ್ಪತ್ತು ಸಲ ಹೋಗಿ ಬರಲು ಎಷ್ಟು ಸೆಕೆಂಡು ಬೇಕು? ಒಂದು ಸಲಕ್ಕೆ ಎಷ್ಟು?

ಇದ್ದಬಿದ್ದ ಮಕ್ಕಳಿಗೆಲ್ಲ ಒಂದೊಂದು ವಾಚು ಎಲ್ಲಿಂದ ತರುವುದು? ಅದಕ್ಕೆ ಒಂದು ರೂಮಿಗೆ ಒಂದೇ ಕಲ್ಲು, ಒಂದೇ ವಾಚು. ಒಬ್ಬರು ಕಲ್ಲು ಬಿಟ್ಟು ಎಣಿಸಬೇಕು. ಒಬ್ಬರು ವಾಚು ನೋಡಬೇಕು. ಉಳಿದವರು ಬರೆದುಕೊಳ್ಳಬೇಕು.

ಎರಡನೆಯ ನಂಬರಿನ ರೂಮಿನಲ್ಲಿ ಕೂತವರು ಮುಡಬಿ ಎಂಬ ಹಳ್ಳಿಯಿಂದ ಬಂದ ಮಕ್ಕಳು, ಇಪ್ಪತ್ತೆರಡು ಜನ. ಎಣಿಸುವವರು ಯಾರು ಅಂದಾಗ ಎಲ್ಲರೂ ಒಂದೇ ಬಾಯಲ್ಲಿ “ಮುಕ್ತಾ” ಅಂದಿದ್ದರು. ಸುಮ್ಮನೆ ಅಂದದ್ದಲ್ಲ. ಮುಕ್ತಾ ಐದು ವರ್ಷದವಳಿದ್ದಾಗಿನಿಂದ ಅವಳ ಆಯಿ, ಅಂದರೆ ಅಜ್ಜಿ, ಜೋಳ ಅಳೆಯುವಾಗ ಪಕ್ಕದಲ್ಲಿ ಕೂತು ಎಣಿಸಿದವಳು. ನೂರಾದರೂ ತಪ್ಪುತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಎದ್ದು ನಿಂತು ಕಲ್ಲು ಹಿಡಿದಾಗ ಅವಳಿಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಆಯಿ ಇಲ್ಲಿ ಬಂದು ನೋಡಬೇಕಿತ್ತು ಅನ್ನಿಸಿತ್ತು.

ಈಗ ಆ ಹೆಮ್ಮೆ ಎಲ್ಲಿಗೆ ಹೋಯಿತೋ ಏನೋ.

“ನೀವ್ ಹ್ಯಾಂಗ ಎಣಿಸಿದ್ರಿ?” ಮುಕ್ತಾ ಮೆಲ್ಲಗೆ ಕೇಳಿದಳು.

ಶಕುಂತಲಾಳಿಗೆ ತೋರಿಸುವುದೆಂದರೆ ಖುಷಿ. ಒಂದು ರಿಬ್ಬನ್ನು ಬಿಚ್ಚಿ, ತುದಿಗೆ ರಬ್ಬರ್ ಕಟ್ಟಿ, ಎತ್ತಿ ಹಿಡಿದಳು. “ನೋಡಿಲ್ಲಿ. ಕೈ ಬಿಡೋವಾಗ ಸೊನ್ನೆ. ಹೋಗಿ ತಿರುಗಿ ಬಂದಮ್ಯಾಲ ಒಂದು. ಮತ್ತ ಹೋಗಿ ಬಂತು, ಎರಡು. ಇದರಾಗೇನದ, ಸರಳ ಅದ.”

ಮುಕ್ತಾ ಕೈಯಲ್ಲಿದ್ದ ಪ್ರಶ್ನೆಪತ್ರಿಕೆಯನ್ನು ಮಡಿಚಿಬಿಟ್ಟಳು.

ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮುಡಬಿಯಲ್ಲಿ ಕಾಳು ಅಳೆಯುವಾಗ ಯಾರೂ ‘ಒಂದು’ ಅನ್ನುವುದಿಲ್ಲ. ಮೊದಲನೆಯ ಸೇರಿಗೆ ‘ಲಾಭ’ ಅನ್ನುತ್ತಾರೆ. ಅದನ್ನೂ ಗಟ್ಟಿಯಾಗಿ ಅನ್ನುವುದಿಲ್ಲ, ದೇವರ ಹೆಸರು ಹೇಳಿದ ಹಾಗೆ ಬಾಯೊಳಗೇ ಅಂದುಕೊಳ್ಳುತ್ತಾರೆ. ಆಮೇಲೆ ಎಲ್ಲರಿಗೂ ಕೇಳುವಂತೆ ಎರಡು, ಮೂರು, ನಾಕು. ಅಪ್ಪ ಹಾಗೇ ಎಣಿಸುತ್ತಾನೆ, ಆಯಿ ಹಾಗೇ ಎಣಿಸುತ್ತಾಳೆ, ಊರಿಗೆ ಊರೇ ಹಾಗೆ ಎಣಿಸುತ್ತದೆ.

ಬೆಳಿಗ್ಗೆ ವಾಚು ಹಿಡಿದ ಹುಡುಗ “ಹೂಂ” ಅಂದಾಗ ಮುಕ್ತಾ ಕಲ್ಲು ಬಿಟ್ಟಳು. ಬಿಡುತ್ತಲೇ ಬಾಯೊಳಗೆ ‘ಲಾಭ’ ಅಂದುಕೊಂಡಳು. ಕಲ್ಲು ಮೊದಲ ಸಲ ತಿರುಗಿ ಬಂದಾಗ ಗಟ್ಟಿಯಾಗಿ “ಎರಡು” ಅಂದಳು. ಅಲ್ಲಿ ಕೂತ ಇಪ್ಪತ್ತೆರಡು ಮಕ್ಕಳೂ ಜೋಳದ ರಾಶಿಯ ಮುಂದೆ ಬೆಳೆದವರು. ಎಣಿಕೆ ಎರಡರಿಂದ ಶುರುವಾದರೆ ಅವರ ಕಿವಿಗೆ ಏನೂ ಅನ್ನಿಸುವುದಿಲ್ಲ. ಹುಮನಾಬಾದದಿಂದ ಬಂದಿದ್ದ ಸೂಪರ್‌ವೈಜರ್ ಸಾಹೇಬರು ಬಾಗಿಲ ಹತ್ತಿರ ಚಹಾ ಕುಡಿಯುತ್ತಿದ್ದರು.

ಹಾಗಾಗಿ ಮುಕ್ತಾ “ಇಪ್ಪತ್ತು” ಅಂದಾಗ ಕಲ್ಲು ಹೋಗಿ ಬಂದದ್ದು ಹತ್ತೊಂಬತ್ತೇ ಸಲ.

ಮೂವತ್ತೆಂಟನ್ನು ಇಪ್ಪತ್ತರಿಂದ ಭಾಗಿಸುವಾಗ ಇಡೀ ರೂಮು ತಲೆ ಕೆರೆದುಕೊಂಡಿತ್ತು. ಒಂದು ಪಾಯಿಂಟ್ ಒಂಬತ್ತು ಅಂತ ಬರೆಯಲು ಎಲ್ಲರಿಗೂ ಕಷ್ಟವಾಗಿತ್ತು. ನಲವತ್ತಾಗಿದ್ದರೆ ಎರಡು ಅಂತ ಬರೆದು ಆರಾಮಾಗಿ ಕೂರಬಹುದಿತ್ತು. ಆಗಲಾದರೂ ತನಗೆ ಅನುಮಾನ ಬರಬೇಕಿತ್ತು ಅಂದುಕೊಂಡಳು ಮುಕ್ತಾ.

ತನ್ನೊಬ್ಬಳ ಹತ್ತು ಮಾರ್ಕು ಹೋಗಿದ್ದರೆ ಅತ್ತು ಬಿಡಬಹುದಿತ್ತು. ಇಪ್ಪತ್ತೆರಡು ಜನರದು ಹೋಗಿತ್ತು. ಹೋದದ್ದು ತನ್ನಿಂದ ಅಂತ ತನಗೆ ಬಿಟ್ಟು ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

“ಏ, ಅವ್ರಿಗೆಲ್ಲಾ ನಲವತ್ತಂತ!”

ಕೂಗಿದವನು ಬಸವಣಪ್ಪ. ಕ್ಲಾಸಿನಲ್ಲಿ ಎಲ್ಲರಿಗಿಂತ ಎತ್ತರ, ಯಾಕೆಂದರೆ ಎಲ್ಲರಿಗಿಂತ ಒಂದು ವರ್ಷ ದೊಡ್ಡವನು. ಹೋದ ವರ್ಷ ಇದೇ ಪೇಪರಿನಲ್ಲಿ ನಾಲ್ಕು ಮಾರ್ಕಿಗೆ ಫೇಲಾಗಿದ್ದ. ಈಗ ಅವನ ಮುಖ ನೋಡಿದರೆ ಸಿಟ್ಟು ಬಂದಂತೆ ಕಾಣುತ್ತಿತ್ತು. ಹತ್ತಿರ ನಿಂತು ನೋಡಿದವರಿಗೆ ಮಾತ್ರ ಅದು ಸಿಟ್ಟಲ್ಲ, ಅಂಜಿಕೆ ಅಂತ ತಿಳಿಯುತ್ತಿತ್ತು.

“ಎಲ್ಲಾ ರೂಮಿನವ್ರಿಗೂ ನಲವತ್ತು. ನಮಗಷ್ಟ ಮೂವತ್ತೆಂಟು. ಹ್ಯಾಂಗ?”

ಮುಡಬಿಯ ಮಕ್ಕಳೆಲ್ಲ ಒಂದು ಕಡೆ ಸೇರಿದರು. ಯಾರೂ ಮುಕ್ತಾಳ ಕಡೆ ನೋಡಲಿಲ್ಲ. ಮುಕ್ತಾ ಎಣಿಸುವುದರಲ್ಲಿ ತಪ್ಪುತ್ತಾಳೆ ಅಂತ ಯಾರ ತಲೆಗೂ ಬರುವಂತಿರಲಿಲ್ಲ. ಎಲ್ಲರ ಕಣ್ಣೂ ಬೆಳಿಗ್ಗೆ ವಾಚು ಹಿಡಿದಿದ್ದ ದಿಗಂಬರನ ಮಣಿಕಟ್ಟಿನ ಮೇಲೆ ಹೋಯಿತು.

ದಿಗಂಬರ ಸಣ್ಣ ಆಳು. ಮಾತು ಕಡಿಮೆ. ಪರೀಕ್ಷೆಗೆಂದು ಅವನ ಮಾಮಾ ತನ್ನ ವಾಚು ಕೊಟ್ಟಿದ್ದ. ಪಟ್ಟಿ ದೊಡ್ಡದಾಗಿ ಅದು ಮೊಣಕೈವರೆಗೂ ಜಾರುತ್ತಿತ್ತು. ಬೆಳಿಗ್ಗೆ ಬಸ್ಸಿನಲ್ಲಿ ಎಲ್ಲರೂ ಒಬ್ಬರಾದ ಮೇಲೆ ಒಬ್ಬರು ಬಂದು ಅದನ್ನು ಕಿವಿಗೆ ಹಿಡಿದು ಟಿಕ್ ಟಿಕ್ ಕೇಳಿ ಹೋಗಿದ್ದರು.

“ನಿನ್ನ ವಾಚ್ ಕೆಟ್ಟದ ಲೇ ದಿಗ್ಯಾ,” ಅಂದ ಬಸವಣಪ್ಪ.

“ಇಲ್ಲೋ. ಛಲೋ ಅದ.”

“ಛಲೋ ಇದ್ರ ಎರಡ ಸೆಕೆಂಡ್ ಎಲ್ಲಿ ಹೋದ್ವು? ಬಾ ಇಲ್ಲಿ.”

ಬಸವಣಪ್ಪ ಅವನ ಕೈ ಹಿಡಿದು ಆಫೀಸಿನ ಕಿಟಕಿಯ ಹತ್ತಿರ ಎಳೆದುಕೊಂಡು ಹೋದ. ಒಳಗೆ ಗೋಡೆ ಗಡಿಯಾರ ಒಂದು ಹದಿನೈದು ತೋರಿಸುತ್ತಿತ್ತು. ದಿಗಂಬರನ ವಾಚಿನಲ್ಲಿ ಒಂದು ಹನ್ನೆರಡು.

“ನೋಡ್ರಿ ಎಲ್ಲಾರೂ. ಮೂರ ಮಿನಿಟ್ ಹಿಂದ ಅದ.”

ಆ ಗೋಡೆ ಗಡಿಯಾರ ಸರಿ ಇತ್ತೋ ಇಲ್ಲವೋ ಅಂತ ಯಾರೂ ಕೇಳಲಿಲ್ಲ. ತಪ್ಪು ಯಾರದು ಅಂತ ಗೊತ್ತಾದರೆ ಸಾಕಾಗಿತ್ತು ಅವರಿಗೆ. ಒಬ್ಬಳು ಅಳಲು ಶುರು ಮಾಡಿದಳು. ಇನ್ನೊಬ್ಬ, “ಇಂಥಾ ವಾಚ್ ಯಾಕ ತರಬೇಕಿತ್ತ ನೀ?” ಅಂದ. ದಿಗಂಬರ ವಾಚಿನ ಮೇಲೆ ಇನ್ನೊಂದು ಕೈ ಮುಚ್ಚಿಕೊಂಡು ನಿಂತುಬಿಟ್ಟ.

ಈಗ ಹೇಳಬೇಕು ಅಂದುಕೊಂಡಳು ಮುಕ್ತಾ. ಬಾಯಿ ತೆಗೆದಳು ಕೂಡ. ಬಸವಣಪ್ಪ ಅವಳ ಕಡೆ ತಿರುಗಿದ. ಅವಳು ಹಾಗೇ ಬಾಯಿ ಮುಚ್ಚಿಕೊಂಡಳು.

ಆಮೇಲೆ ಹೇಳುತ್ತೇನೆ. ಬಸ್ಸಿನಲ್ಲಿ ಹೇಳುತ್ತೇನೆ.

* * *

ಎರಡು ಗಂಟೆಯ ಬಸ್ಸು ತುಂಬಿತ್ತು. ಮುಂದಿನ ಸೀಟಿನಲ್ಲಿ ಅಬ್ದುಲ್ ಕರೀಂ ಮಾಸ್ತರು ಕೂತಿದ್ದರು. ಮುಡಬಿ ಶಾಲೆಗೆ ಗಣಿತ, ವಿಜ್ಞಾನ ಎರಡೂ ಅವರದೇ. ಕರೀಂ ಮಾಸ್ತರು ಯಾರನ್ನೂ ಹೊಡೆದವರಲ್ಲ. ಸಿಟ್ಟು ಬಂದರೆ ಸುಮ್ಮನಾಗಿಬಿಡುತ್ತಿದ್ದರು, ಅಷ್ಟೇ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡುತ್ತಿದ್ದರು. ಆ ನೋಟಕ್ಕಿಂತ ಎರಡು ಏಟು ಬಿದ್ದರೆ ಎಷ್ಟೋ ವಾಸಿ ಅಂತ ಮಕ್ಕಳು ಮಾತಾಡಿಕೊಳ್ಳುತ್ತಿದ್ದರು.

ಮುಕ್ತಾ ಹಿಂದಿನ ಕಿಟಕಿಯ ಪಕ್ಕ ಕೂತಳು. ಹೊರಗೆ ಬಿಸಿಲು. ತೊಗರಿ ಕಿತ್ತ ಹೊಲಗಳಲ್ಲಿ ಏನೂ ಇರಲಿಲ್ಲ. ಅವಳು ಮನಸ್ಸಿನಲ್ಲೇ ಹೇಳಿ ನೋಡಿದಳು. ‘ನಾ ತಪ್ಪ ಎಣಿಸೀನಿ.’ ಮೂರೇ ಪದದ ಮಾತು. ಆದರೆ ಹೇಳಿದ ಮೇಲೆ ಏನು? ಇಪ್ಪತ್ತೊಂದು ಜನ ತಿರುಗಿ ನೋಡುತ್ತಾರೆ. ನಾಳೆಯಿಂದ ಯಾರೂ ಮಾತಾಡಿಸುವುದಿಲ್ಲ. ಬಸವಣಪ್ಪ ಮತ್ತೆ ಫೇಲಾದರೆ ಅವರವ್ವ ಮನೆ ಮುಂದೆ ಬಂದು ಕೇಳುತ್ತಾಳೆ. ಮುಕ್ತಾಳಿಗೆ ಎಣಿಸಲು ಬರುವುದಿಲ್ಲ ಅಂತ ಊರಿಗೆಲ್ಲ ಗೊತ್ತಾಗುತ್ತದೆ.

ಹೇಳದಿದ್ದರೆ? ಹೇಳದಿದ್ದರೆ ಏನೂ ಆಗುವುದಿಲ್ಲ. ವಾಚು ಕೆಟ್ಟಿತ್ತು ಅಂತ ಆಗುತ್ತದೆ. ವಾಚಿಗೆ ನೋವಾಗುತ್ತದೆಯೇ?

ಅವಳು ಸ್ವಲ್ಪ ಹೊತ್ತು ಹಾಗೇ ಅಂದುಕೊಂಡು ಕೂತಳು. ಸಮಾಧಾನವಾಗಲಿಲ್ಲ.

ಅಷ್ಟರಲ್ಲಿ ಬಸವಣಪ್ಪ ಎದ್ದು ಮುಂದೆ ಹೋದ.

“ಸರ್, ದಿಗ್ಯಾನ ವಾಚ್ ಕೆಟ್ಟಿತ್ರಿ. ನಮ್ಮ ರೂಮಿನವ್ರದೆಲ್ಲಾ ಕಡೀ ಪ್ರಶ್ನೆ ತಪ್ಪಾಗ್ಯದ್ರಿ. ಹತ್ತ ಮಾರ್ಕ್ ಹೋತ್ರಿ ಸರ್. ನೀವ್ ಒಂದ್ ಅರ್ಜಿ ಬರದು ಕೊಡ್ರಿ.”

ಮಾಸ್ತರು ತಿರುಗಿದರು. “ಯಾರಿಗೆಷ್ಟು ಬಂದದ?”

“ನಮಗ ಮೂವತ್ತೆಂಟ್ರಿ. ಉಳಿದವ್ರಿಗೆಲ್ಲಾ ನಲವತ್ರಿ.”

ಮಾಸ್ತರು ಕನ್ನಡಕ ತೆಗೆದರು. ಒರೆಸಿದರು. ಹಾಕಿಕೊಂಡರು. “ದಿಗಂಬರ, ಬಾ ಇಲ್ಲಿ. ವಾಚ್ ಕೆಟ್ಟಿತ್ತೇನಪ್ಪ?”

ದಿಗಂಬರ ಸೀಟಿನ ಕಂಬಿ ಹಿಡಿಯುತ್ತ ಮುಂದೆ ಹೋದ. ಅವನು ‘ಇಲ್ರಿ’ ಅನ್ನುತ್ತಾನೆ ಅಂತ ಮುಕ್ತಾ ಕಾದಳು. ಇಲ್ಲ ಅಂದರೆ ಮಾತು ಬೆಳೆಯುತ್ತದೆ, ಮಾಸ್ತರೇ ಏನಾದರೂ ಕಂಡುಹಿಡಿಯುತ್ತಾರೆ, ತಾನು ಹೇಳುವುದೇ ಬೇಕಾಗುವುದಿಲ್ಲ ಅಂತ ಒಂದು ಸಣ್ಣ ಆಸೆ.

“ಹೌದ್ರಿ ಸರ್,” ಅಂದ ದಿಗಂಬರ. “ನಂದೇ ತಪ್ಪರಿ. ಮಾಮಾ ಹೇಳಿದ್ದನ್ರಿ, ಚಾವಿ ಜಾಸ್ತಿ ಕೊಡಬ್ಯಾಡ ಅಂತ. ನಿನ್ನಿ ಸಂಜಿಕ್ಕ ನಿಂತುಬಿಟ್ಟೀತು ಅಂತ ಅಂಜಿ ನಾ ಎರಡ ಸರ್ತಿ ಕೊಟ್ಟೀನ್ರಿ. ಅದಕ್ಕ ಕೆಟ್ಟದ್ರಿ.”

ಅವನು ಮಾಡದ ತಪ್ಪನ್ನು ಅವನೇ ಹುಡುಕಿಕೊಂಡಿದ್ದ. ಹುಡುಕಿ, ನಂಬಿಯೂ ಬಿಟ್ಟಿದ್ದ.

ಮಾಸ್ತರು ವಾಚನ್ನು ಬಿಚ್ಚಿಸಿ ಕಿವಿಗೆ ಹಿಡಿದರು. ಬಸ್ಸಿನ ಸದ್ದಿನಲ್ಲಿ ಏನು ಕೇಳಿಸಿತೋ. “ನಾಳೆ ಕಲ್ಯಾಣದಾಗ ವಾಚ್ ರಿಪೇರಿ ಅಂಗಡ್ಯಾಗ ತೋರಸ್ತೀನಿ. ಇವತ್ತ ನಿಮ್ಮ ಮಾಮಾಗೂ ಹೇಳಬೇಕಾಗತದ.”

“ಹೇಳ್ರಿ,” ಅಂದ ದಿಗಂಬರ. ಅವನ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲೂ ಇಲ್ಲ.

ಮುಕ್ತಾ ಎದ್ದಳು. ಯಾವಾಗ ಎದ್ದಳೋ ಅವಳಿಗೇ ತಿಳಿಯಲಿಲ್ಲ. ಬಸ್ಸು ಕುಲುಕಿದಾಗ ಒಬ್ಬ ಮುದುಕಿಯ ಬುಟ್ಟಿಗೆ ಎಡವಿ, ಬೈಸಿಕೊಂಡು, ಮಾಸ್ತರ ಸೀಟಿನವರೆಗೆ ಬಂದಳು.

“ಸರ್, ವಾಚ್ ಕೆಟ್ಟಿಲ್ರಿ.”

“ಏನು?”

“ವಾಚ್ ಕೆಟ್ಟಿಲ್ರಿ ಸರ್. ನಾ...”

ಬಸ್ಸು ಏರು ಹತ್ತುತ್ತಿತ್ತು. ಎಂಜಿನ್ನು ಗೊರ್ರೆನ್ನುತ್ತಿತ್ತು. ಮಾಸ್ತರು ಕಿವಿಗೆ ಕೈ ಇಟ್ಟರು. “ಗಟ್ಟಿ ಹೇಳವಾ, ಕೇಳಸವಲ್ದು.”

ಮುಕ್ತಾ ಇದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದಳು. ಅದೇ ಹೊತ್ತಿಗೆ ಡ್ರೈವರು ಯಾರನ್ನೋ ಇಳಿಸಲು ಬಸ್ಸು ನಿಲ್ಲಿಸಿ ಎಂಜಿನ್ನು ಬಂದ್ ಮಾಡಿದ.

“ನಾ ತಪ್ಪ ಎಣಿಸೀನ್ರಿ!”

ಬಸ್ಸಿಗೆ ಬಸ್ಸೇ ಕೇಳಿಸಿಕೊಂಡಿತು. ಇಳಿಯುತ್ತಿದ್ದ ಮುದುಕ ಕೂಡ ಮೆಟ್ಟಿಲ ಮೇಲೆ ನಿಂತು ತಿರುಗಿ ನೋಡಿದ.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಮುಕ್ತಾ ನೆಲ ನೋಡುತ್ತ ಎಲ್ಲ ಹೇಳಿದಳು. ಕಲ್ಲು ಬಿಡುವಾಗಲೇ ಲಾಭ ಅಂದದ್ದು. ಮೊದಲ ಸಲ ತಿರುಗಿ ಬಂದಾಗ ಎರಡು ಅಂದದ್ದು. ಮರದ ಕೆಳಗೇ ಗೊತ್ತಾಗಿದ್ದರೂ ಹೇಳದೆ ಇದ್ದದ್ದು.

ಮಾಸ್ತರು ಸುಮ್ಮನಾದರು. ಬಸ್ಸು ಮತ್ತೆ ಹೊರಟಿತು. ಅವರು ಕನ್ನಡಕ ತೆಗೆದರು. ಮುಕ್ತಾ ಕಣ್ಣು ಮುಚ್ಚಿಕೊಂಡಳು.

“ನಿಮ್ಮನ್ಯಾಗ ಕಾಳು ಯಾರು ಅಳೀತಾರ?” ಮಾಸ್ತರು ಕೇಳಿದರು.

“ಆಯಿ, ರಿ.”

“ನಮ್ಮನ್ಯಾಗ ನಮ್ಮ ಅಮ್ಮಿ ಅಳೀತಿದ್ಲು. ಮುನ್ನಿ ಬೀ ಅಂದ್ರ ಓಣಿಗೆಲ್ಲಾ ಗೊತ್ತು. ಆಕಿ ಮೊದಲನೇ ಸೇರಿಗೆ ‘ಬರಕತ್’ ಅಂತಿದ್ಲು, ನಿಮ್ಮ ಲಾಭ ಇದ್ದಾಂಗ. ನಾನೂ ಸಣ್ಣಾಂವಿದ್ದಾಗ ಸಾಲ್ಯಾಗ ಹಾಜರಿ ಎಣಿಸಂದ್ರ ಬರಕತ್, ದೋ, ತೀನ್ ಅಂತ ಎಣಿಸಿ ಎಲ್ಲಾರನೂ ನಗಿಸೀನಿ.” ಅವರು ವಾಚನ್ನು ಒಮ್ಮೆ ನೋಡಿದರು. “ನಲವತ್ತ ಸೆಕೆಂಡಿಗೆ ಎರಡ ಸೆಕೆಂಡ್ ಹಿಂದ ಬಿದ್ರ, ತಾಸಿಗೆ ಮೂರ ಮಿನಿಟ್. ದಿನಕ್ಕ ಒಂದ್ ತಾಸಿನ ಮ್ಯಾಲ ಆಗತದ. ಇವರ ಮಾಮಾ ದಿನಾ ಬಸ್ ಹ್ಯಾಂಗ ಹಿಡೀತಿದ್ದ ಅಂತ ನಾ ವಿಚಾರ ಮಾಡಾಕತ್ತಿದ್ದೆ.”

ವಾಚನ್ನು ದಿಗಂಬರನ ಕೈಗೆ ಕೊಟ್ಟರು. ದಿಗಂಬರ ತೆಗೆದುಕೊಂಡ. ಆದರೆ ಅವನ ಮುಖದ ಮೇಲಿನ ಅನುಮಾನ ಪೂರ್ತಿ ಹೋಗಲಿಲ್ಲ.

“ಮಾರ್ಕ್, ಸರ್?” ಬಸವಣಪ್ಪ ಕೇಳಿದ.

“ಪೇಪರ್ ಸೀಲ್ ಆಗಿ ಹುಮನಾಬಾದಕ್ಕ ಹೋತು. ಕಲ್ಲು ಹೋಗಿ ಬಂದದ್ದು ಹತ್ತೊಂಬತ್ತ ಸರ್ತಿ, ಎಣಿಸಿದ್ದು ಇಪ್ಪತ್ತು ಅಂತ ಖರೇ ಇದ್ದದ್ದ ಇದ್ದಾಂಗ ಬರದು ಕಳಸ್ತೀನಿ. ಅವ್ರು ಏನ್ ಮಾಡ್ತಾರೋ ನನಗ ಗೊತ್ತಿಲ್ಲ.”

ಬಸವಣಪ್ಪ ಮುಕ್ತಾಳ ಕಡೆ ನೋಡಲಿಲ್ಲ. ಹೋಗಿ ತನ್ನ ಸೀಟಿನಲ್ಲಿ ಕೂತು ಕಿಟಕಿಯಾಚೆ ಮುಖ ಮಾಡಿದ. ಮುಕ್ತಾ ಹಿಂದಕ್ಕೆ ಬಂದಾಗ ಅವಳ ಪಕ್ಕದಲ್ಲಿದ್ದ ಹುಡುಗಿ ಚೀಲವನ್ನು ಮಡಿಲ ಮೇಲಿಂದ ತೆಗೆದು ಇಬ್ಬರ ನಡುವೆ ಇಟ್ಟಳು. ಮುಡಬಿ ಬರುವವರೆಗೆ ಮುಕ್ತಾಳ ಜೊತೆ ಯಾರೂ ಮಾತಾಡಲಿಲ್ಲ.

* * *

ಮನೆಗೆ ಬಂದಾಗ ಆಯಿ ಪಡಸಾಲೆಯಲ್ಲಿ ಜೋಳದ ಚೀಲದ ಬಾಯಿ ಬಿಚ್ಚುತ್ತಿದ್ದಳು. ಆಯಿಯ ಹೆಸರು ಕೇಶರಬಾಯಿ. ವಯಸ್ಸಾಗಿ ಬೆನ್ನು ಬಾಗಿತ್ತು, ಆದರೆ ಕೈ ಮಾತ್ರ ಗಟ್ಟಿ.

“ಬಂದೇನವಾ? ಗಿರಣಿಗೆ ನಾಕ ಸೇರ ಜೋಳ ಅಳೀ.”

“ನಾ ಅಳೆಯಂಗಿಲ್ಲ.”

“ಯಾಕ?”

“ಅಳೆಯಂಗಿಲ್ಲ ಅಂದ್ನಲ್ಲ.”

ಆಯಿ ಅವಳ ಮುಖ ನೋಡಿದಳು. ತಾನೇ ಸೇರು ತೆಗೆದುಕೊಂಡು ಕೂತಳು. ಮುಕ್ತಾ ಕಂಬಕ್ಕೆ ಒರಗಿ ನಿಂತಳು. ಸಿಟ್ಟು ಬಂದಿತ್ತು ಅವಳಿಗೆ. ಸೇರಿನ ಮೇಲೆ, ಆ ಲಾಭದ ಮೇಲೆ, ಒಂದಕ್ಕೆ ಒಂದು ಅನ್ನಲಾರದ ಈ ಊರಿನ ಮೇಲೆ. ಹೀಗೆ ಎಣಿಸುವುದು ಕಲಿಸಿದ್ದೇ ಆಯಿ ಅಲ್ಲವೇ? ಆಯಿ ಈಗ ಲಾಭ ಅನ್ನಲಿ, ಮುಖಕ್ಕೇ ಹೇಳಿಬಿಡುತ್ತೇನೆ ಅಂತ ಅವಳ ಬಾಯನ್ನೇ ನೋಡುತ್ತ ನಿಂತಳು.

ಆಯಿ ಸೇರನ್ನು ಚೀಲದೊಳಗೆ ಅದ್ದಿದಳು. ಬಾಯಿ ಅಲುಗಲಿಲ್ಲ. ತುಂಬಿದ ಸೇರನ್ನು ಎತ್ತಿದಳು. ಬಾಯಿ ಅಲುಗಲಿಲ್ಲ. ಅಂಗೈಯಿಂದ ಮೇಲಿನ ಕಾಳು ಸವರಿದಳು. ಆಗಲೂ ಇಲ್ಲ. ಬುಟ್ಟಿಗೆ ಸುರಿದಳು. ಕೊನೆಯ ಕಾಳು ಬಿದ್ದ ಮೇಲೆ ತುಟಿ ಸ್ವಲ್ಪ ಅಲುಗಿತು.

ಮುಕ್ತಾ ನೆಟ್ಟಗಾದಳು.

ಏಳು ವರ್ಷ ಪಕ್ಕದಲ್ಲಿ ಕೂತು ಎಣಿಸಿದ್ದಳು. ಆಯಿ ಆ ಮಾತನ್ನು ಯಾವಾಗ ಅನ್ನುತ್ತಾಳೆ ಅಂತ ಒಂದು ದಿನವೂ ನೋಡಿರಲಿಲ್ಲ.

“ಆಯಿ, ಸೇರು ಎತ್ತೋವಾಗ ಯಾಕ ಲಾಭ ಅನ್ನಂಗಿಲ್ಲ?”

“ಎತ್ತೋವಾಗ ಹ್ಯಾಂಗ ಅನ್ಲಿ? ಇನ್ನೂ ನನ್ನ ಕೈಯಾಗ ಅದ. ಕೈ ನಡುಗಿ ಚೆಲ್ಲಿತಂದ್ರ? ಬುಟ್ಟ್ಯಾಗ ಬಿದ್ದಮ್ಯಾಲನ ಲಾಭ.”

ಆಯಿ ಎರಡನೆಯ ಸೇರಿಗೆ ಕೈ ಹಾಕಿದಳು. ಮುಕ್ತಾ ಬಂದು ಅವಳ ಪಕ್ಕ ಕೂತಳು. ಕೂತು, ಆಯಿಯ ಹೆಗಲಿಗೆ ತಲೆ ಇಟ್ಟು, ಇವತ್ತು ಆದದ್ದನ್ನೆಲ್ಲ ಹೇಳಿ ಚೆನ್ನಾಗಿ ಅತ್ತಳು. ಆಯಿ ಎಲ್ಲ ಕೇಳಿದ ಮೇಲೆ ಸೇರನ್ನು ಮೊಮ್ಮಗಳ ಕೈಗೆ ಕೊಟ್ಟಳು.

“ಎರಡ ಆಗ್ಯಾವ. ಇನ್ನ ಎರಡ ನೀ ಅಳೀ.”

* * *

ಮರುದಿನ ಹಿಂದಿ ಪೇಪರು. ಬೆಳಿಗ್ಗೆ ಏಳಕ್ಕೆ ಮಕ್ಕಳೆಲ್ಲ ಊರ ಮುಂದಿನ ಹುಣಸೆ ಮರದ ಕೆಳಗೆ ಬಸ್ಸಿಗೆ ಕಾಯುತ್ತಿದ್ದರು. ಮುಕ್ತಾ ಬೇಕಂತಲೇ ತಡವಾಗಿ ಬಂದಳು. ಸ್ವಲ್ಪ ದೂರದಲ್ಲೇ ನಿಂತಳು. ಯಾರಾದರೂ ಏನಾದರೂ ಅಂದರೆ ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಯೋಚಿಸಿದ್ದಳು. ಯಾರೂ ಏನೂ ಅನ್ನಲಿಲ್ಲ, ಅದು ಇನ್ನೂ ಕಷ್ಟವಾಯಿತು.

ದಿಗಂಬರ ಅವಳ ಹತ್ತಿರ ಬಂದ. ಚಡ್ಡಿಯ ಕಿಸೆಯಿಂದ ಒಂದು ದಾರ ತೆಗೆದ. ತುದಿಗೆ ಕಲ್ಲು. ನಿನ್ನೆಯದೇ. ಪರೀಕ್ಷೆ ಮುಗಿದ ಮೇಲೆ ಅದನ್ನು ಇಟ್ಟುಕೊಂಡಿರಲು ಮಾಸ್ತರು ಅವನಿಗೇ ಹೇಳಿದ್ದರು.

“ಇವತ್ತ ಮಾಮಾಗ ವಾಚ್ ವಾಪಸ್ ಕೊಡಬೇಕು,” ಅಂದ. “ಖರೇನೇ ಕೆಟ್ಟಿಲ್ಲ ಹೌದಿಲ್ಲೋ ಅಂತ ನೋಡಬೇಕಾಗ್ಯದ. ರಾತ್ರಿ ನಿದ್ದಿ ಹತ್ತಿಲ್ಲ ನನಗ. ನೀ ಎಣಿಸ್ತಿಯೇನ?”

“ನಾನಾ?”

“ಮತ್ತ ಯಾರು?”

ಮತ್ತೆ ತಪ್ಪಿದರೆ? ಎಲ್ಲರೂ ನೋಡುತ್ತಿದ್ದಾರೆ. ಈ ಸಲವೂ ಮೂವತ್ತೆಂಟು ಬಂದರೆ ವಾಚೂ ಕೆಟ್ಟಿದೆ ಅಂತ ಆಗುತ್ತದೆ, ದಿಗಂಬರ ಏನು ಮಾಡಿಯಾನು? ಬೇಡ ಅನ್ನಬೇಕು ಅನ್ನಿಸಿತು. ಅವನು ಕಲ್ಲನ್ನು ಹಾಗೇ ಚಾಚಿಕೊಂಡು ನಿಂತಿದ್ದ. ಅವಳು ತೆಗೆದುಕೊಂಡಳು.

ದಾರ ಕಟ್ಟಲು ಹೋದರೆ ಕೊಂಬೆ ಎತ್ತರದಲ್ಲಿತ್ತು. ದಿಗಂಬರ ಎರಡು ಸಲ ಹಾರಿದ, ಸಿಗಲಿಲ್ಲ. ಉಳಿದವರು ಸುಮ್ಮನೆ ನೋಡುತ್ತಿದ್ದರು. ಆಮೇಲೆ ಬಸವಣಪ್ಪ ಓದುತ್ತಿದ್ದ ಹಿಂದಿ ಪುಸ್ತಕವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದ. ಕೈ ಎತ್ತಿ ದಾರವನ್ನು ಕೊಂಬೆಗೆ ಕಟ್ಟಿದ. ಒಮ್ಮೆ ಎಳೆದು ನೋಡಿ, ಪಕ್ಕಕ್ಕೆ ಸರಿದು ನಿಂತ.

ಮುಕ್ತಾ ಕಲ್ಲನ್ನು ಒಂದು ಕಡೆಗೆ ಎಳೆದು ಹಿಡಿದಳು. ದಿಗಂಬರ ವಾಚನ್ನು ಕಣ್ಣಿನ ಹತ್ತಿರ ತಂದ. ಸೆಕೆಂಡಿನ ಮುಳ್ಳು ಮೇಲೆ ಬರುವವರೆಗೆ ಕಾದ.

“ಹೂಂ.”

ಅವಳು ಕಲ್ಲು ಬಿಟ್ಟಳು. ತುಟಿ ಬಿಗಿಯಾಗಿ ಮುಚ್ಚಿಕೊಂಡಳು. ಕಲ್ಲು ಆ ಕಡೆ ಹೋಯಿತು. ಅಲ್ಲೊಂದು ಗಳಿಗೆ ನಿಂತಂತೆ ಮಾಡಿತು. ತಿರುಗಿ ಈ ಕಡೆ ಹೊರಟಿತು. ಅವಳ ಬೆರಳಿನ ಹತ್ತಿರ ಬಂದು ಮುಟ್ಟಿಯೇ ಬಿಡುತ್ತದೆ ಅನ್ನುವಷ್ಟರಲ್ಲಿ,

“ಲಾಭ,” ಅಂದಳು. ಈ ಸಲ ಎಲ್ಲರಿಗೂ ಕೇಳುವಂತೆ.

ಯಾರೋ ಕಿಸಕ್ಕೆಂದು ನಕ್ಕರು. ಅವಳು ನಿಲ್ಲಿಸಲಿಲ್ಲ. ಎರಡು. ಮೂರು. ನಾಕು. ಐದಕ್ಕೆ ಇನ್ನೊಬ್ಬಳು ದನಿ ಕೂಡಿಸಿದಳು, ನಿನ್ನೆ ನಡುವೆ ಚೀಲ ಇಟ್ಟವಳು. ಹತ್ತು ಆಗುವಷ್ಟರಲ್ಲಿ ಮುಕ್ಕಾಲು ಜನ ಎಣಿಸುತ್ತಿದ್ದರು. ಬಸವಣಪ್ಪ ಎಣಿಸಲಿಲ್ಲ. ಅವನು ದಿಗಂಬರನ ಹೆಗಲ ಮೇಲಿಂದ ಬಗ್ಗಿ ವಾಚನ್ನೇ ನೋಡುತ್ತಿದ್ದ.

“ಇಪ್ಪತ್ತು.”

ದಿಗಂಬರ ಮುಳ್ಳನ್ನು ಮತ್ತೊಮ್ಮೆ ನೋಡಿದ. ಅವನಿಗೆ ಅಳು ಬರುವಂತಾಗಿತ್ತು. ಬಸವಣಪ್ಪನೇ ಹೇಳಿದ.

“ನಲವತ್ತು.”

ದೂರದ ತಿರುವಿನಲ್ಲಿ ಬಸ್ಸು ಕಾಣಿಸಿತು. ಎಲ್ಲರೂ ಚೀಲ ಎತ್ತಿಕೊಂಡರು. ಹುಮನಾಬಾದದಲ್ಲಿ ಸೀಲಾಗಿ ಕೂತ ಪೇಪರುಗಳಲ್ಲಿ ಮೂವತ್ತೆಂಟು ಹಾಗೇ ಇತ್ತು. ರಿಜಲ್ಟ್ ಬರುವ ದಿನವನ್ನು ನೆನೆದರೆ ಮುಕ್ತಾಳಿಗೆ ಈಗಲೂ ಅಂಜಿಕೆಯಾಗುತ್ತಿತ್ತು. ಆದರೆ ನಿನ್ನೆ ಬಸ್ಸಿನ ಹಿಂದಿನ ಕಿಟಕಿಯಲ್ಲಿ ಕೂತಾಗ ಆದ ಅಂಜಿಕೆ ಅದಲ್ಲ. ಅದನ್ನು ಒಬ್ಬಳೇ ಬಚ್ಚಿಟ್ಟುಕೊಂಡಿದ್ದಳು. ಇದನ್ನು ಇಲ್ಲಿ ನಿಂತ ಎಲ್ಲರೂ ಬಲ್ಲರು.

ಬಸವಣಪ್ಪ ಕೊಂಬೆಯಿಂದ ದಾರ ಬಿಚ್ಚಿದ. ಅದನ್ನು ಕಲ್ಲಿಗೆ ಸುತ್ತಿ, ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡು, ಆಮೇಲೆ ಮುಕ್ತಾಳಿಗೆ ಕೊಟ್ಟ.

“ಹಿಂದಿ ಪೇಪರಿನ್ಯಾಗ ಎಣಿಸೋದು ಏನೂ ಇರಂಗಿಲ್ಲಲ್ಲ?” ಅಂದ.

“ಇಲ್ಲ,” ಅಂದಳು ಮುಕ್ತಾ.

“ಹಂಗಾರ ಬಾ. ಬಸ್ ಬಂತು.”